ಬಿಸಿಎಲ್-2 ಬ್ಯಾಂಡ್ ಬರುತ್ತಿಲ್ಲವೇ? ಆ್ಯಂಟಿಬಾಡಿ ಬದಲಿಸುವ ಮೊದಲು ಇಷ್ಟು ನೋಡಿ

ಹೋದ ಕಕ್ಕಡದಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ನಮ್ಮ ಲ್ಯಾಬಿನಲ್ಲಿ ಸಾಲಾಗಿ ಐದು ಬ್ಲಾಟ್ ಖಾಲಿ ಬಂದವು. ಬ್ಲಾಟ್ ಅಂದರೆ ವೆಸ್ಟರ್ನ್ ಬ್ಲಾಟ್: ಕೋಶದ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ವರ್ಗಾಯಿಸಿ, ಬೇಕಾದ ಒಂದನ್ನು, ಇಲ್ಲಿ ಬಿಸಿಎಲ್-2 ಅನ್ನು, ಆ್ಯಂಟಿಬಾಡಿ ಹಾಕಿ ಗುರುತಿಸುವ ಪರೀಕ್ಷೆ. ಸಿಕ್ಕರೆ ಫಿಲ್ಮಿನಲ್ಲಿ ಬ್ಯಾಂಡ್ ಎಂಬ ಗೆರೆ ಬರುತ್ತದೆ. ಹೊರಗೆ ಮಡಿಕೇರಿಯ ಮಳೆ. ಒಳಗೆ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಾಕಿಕೊಂಡು ಪಿಎಚ್‌ಡಿ ಹುಡುಗಿ ಫಿಲ್ಮ್ ತೊಳೆದು ಎತ್ತಿ ಹಿಡಿಯುತ್ತಿದ್ದಳು. ಗೆರೆ ಇಲ್ಲ, ಕಲೆ ಇಲ್ಲ, ಮಸುಕು ಕೂಡ ಇಲ್ಲ. "ಮೇಡಂ, ಆ್ಯಂಟಿಬಾಡಿ ಹಾಳಾಗಿದೆ" ಎಂದಳು. ನಾನೂ ನಂಬಿದೆ. ಹೊಸದನ್ನು ತರಿಸಿದೆವು. ಕೊಡಗಿಗೆ ರೈಲಿಲ್ಲ. ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿ ಬೆಂಗಳೂರಿನಿಂದ ಮೈಸೂರು, ಕುಶಾಲನಗರ ದಾಟಿ ರಸ್ತೆಯಲ್ಲೇ ಬರಬೇಕು. ಬಂತು. ಆರನೆಯ ಬ್ಲಾಟೂ ಖಾಲಿ.

ಆ್ಯಂಟಿಬಾಡಿಯ ತಪ್ಪು ಎಳ್ಳಷ್ಟೂ ಇರಲಿಲ್ಲ. ಹಳೆಯದೂ ಚೆನ್ನಾಗಿತ್ತು, ಹೊಸದೂ ಚೆನ್ನಾಗಿತ್ತು. ಒಂದು ಪುಟ್ಟ ಟ್ಯೂಬಿಗೆ ಹತ್ತಾರು ಸಾವಿರ ರೂಪಾಯಿ ಕೊಡುವ ನಮ್ಮಂಥ ಸಣ್ಣ ಲ್ಯಾಬಿಗೆ ಇದು ಕಡಿಮೆ ನಷ್ಟವಲ್ಲ. ಆ ಮೂರು ವಾರದಲ್ಲಿ ಕಲಿತದ್ದನ್ನೂ, ಆಮೇಲೆ ಬೇರೆಯವರ ಬ್ಲಾಟ್ ನೋಡಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ವೆಸ್ಟರ್ನ್ ಬ್ಲಾಟ್ ಒಮ್ಮೆಯಾದರೂ ಮಾಡಿದವರಿಗೆ ಇದು ಅರ್ಥವಾಗುತ್ತದೆ.

ಮೊದಲು ಪ್ರೋಟೀನಿನ ಪರಿಚಯ

ಕೆಟ್ಟುಹೋದ ಜೀವಕೋಶ ತಾನಾಗಿ ಸಾಯಬೇಕು. ಅದು ದೇಹದ ನಿಯಮ. ಆ ಸಾವಿಗೆ ಅಡ್ಡ ನಿಲ್ಲುವ ಪ್ರೋಟೀನ್ ಬಿಸಿಎಲ್-2. ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರ್‌ನಲ್ಲಿ 14 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿರುತ್ತವೆ. 1980ರ ದಶಕದ ನಡುವೆ ಆ ಜೋಡಣೆಯ ಜಾಗದಲ್ಲೇ ಇದರ ಜೀನ್ ಸಿಕ್ಕಿತು. ಕ್ಯಾನ್ಸರ್ ಜೀನ್ ಅಂದರೆ ಕೋಶಗಳನ್ನು ಬೇಗ ಬೇಗ ಹೆಚ್ಚಿಸುವಂಥದ್ದು ಎಂದೇ ಆಗ ಎಲ್ಲರೂ ತಿಳಿದಿದ್ದರು. 1988ರಲ್ಲಿ ಮೆಲ್ಬರ್ನ್‌ನ ಡೇವಿಡ್ ವಾಕ್ಸ್, ಸೂಜನ್ ಕೋರಿ, ಜೆರ್ರಿ ಆಡಮ್ಸ್ ತೋರಿಸಿದ್ದು ಬೇರೆ: ಇದು ಕೋಶವನ್ನು ಹೆಚ್ಚಿಸುವುದಿಲ್ಲ, ಸಾಯಲು ಬಿಡುವುದಿಲ್ಲ.

ನಮಗೆ ಬ್ಲಾಟ್ ಮಾಡುವಾಗ ಬೇಕಾದ ವಿಷಯಗಳು ಕೆಲವೇ. ಇದರಲ್ಲಿ 239 ಅಮೈನೋ ಆಮ್ಲಗಳಿವೆ. ಜೆಲ್‌ನಲ್ಲಿ 26 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಓಡುತ್ತದೆ, ಅಂದರೆ ಸಣ್ಣ ಪ್ರೋಟೀನ್. ಬಾಲದ ತುದಿಯನ್ನು ಪೊರೆಯೊಳಗೆ ನೆಟ್ಟುಕೊಂಡು ಮೈಟೊಕಾಂಡ್ರಿಯದ ಹೊರಪೊರೆಯ ಮೇಲೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಮೇಲೆ, ನ್ಯೂಕ್ಲಿಯಸ್ಸಿನ ಹೊದಿಕೆಯ ಮೇಲೆ ಕುಳಿತಿರುತ್ತದೆ. ಸಣ್ಣದು, ಪೊರೆಗೆ ಅಂಟಿದ್ದು. ಈ ಎರಡನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ತಾಪತ್ರಯಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತವೆ.

ದೋಷ ಒಂದು: ಬ್ಲಾಟ್ ಪೂರ್ತಿ ಖಾಲಿ

ಖಾಲಿ ಅಂದರೆ ಎಷ್ಟು ಖಾಲಿ? ಇದೇ ಮೊದಲ ಪ್ರಶ್ನೆ. ಬಿಸಿಎಲ್-2 ಮಾತ್ರ ಕಾಣುತ್ತಿಲ್ಲವೋ, ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಎಂಬ ಪ್ರೋಟೀನ್ ಕೂಡ ಕಾಣುತ್ತಿಲ್ಲವೋ? ನಮ್ಮ ಹುಡುಗಿ ಮೊದಲ ಐದು ಸಲವೂ ಆಕ್ಟಿನ್ ನೋಡಿರಲಿಲ್ಲ. "ಬಿಸಿಎಲ್-2 ಬಂದ ಮೇಲೆ ಮಾಡೋಣ ಅಂದ್ಕೊಂಡೆ ಮೇಡಂ" ಎಂದಳು. ತುಂಬ ಜನ ಹೀಗೇ ಮಾಡುತ್ತಾರೆ. ಆದರೆ ಬ್ಯಾಂಡ್ ಬಾರದಾಗಲೇ ಆಕ್ಟಿನ್ ಹೆಚ್ಚು ಬೇಕಾಗುವುದು. 42 ಕಿಲೋಡಾಲ್ಟನ್ ಹತ್ತಿರ ಆಕ್ಟಿನ್ ದಪ್ಪಗೆ ಬಂದು ಬಿಸಿಎಲ್-2 ಇಲ್ಲ ಅಂದರೆ ಮಾದರಿಯನ್ನೋ, ಬಿಸಿಎಲ್-2 ಆ್ಯಂಟಿಬಾಡಿಯನ್ನೋ ಸಂಶಯಪಡಬಹುದು. ಆಕ್ಟಿನ್ನೂ ಇಲ್ಲ ಅಂದರೆ ತಪ್ಪು ಎರಡಕ್ಕೂ ಸಾಮಾನ್ಯವಾದ ಜಾಗದಲ್ಲಿದೆ. ವರ್ಗಾವಣೆ, ಸೆಕೆಂಡರಿ (ಪ್ರೋಟೀನನ್ನು ಹಿಡಿಯುವ ಮೊದಲ ಆ್ಯಂಟಿಬಾಡಿ ಪ್ರೈಮರಿ, ಆ ಪ್ರೈಮರಿಯನ್ನು ಹಿಡಿಯುವ ಎರಡನೆಯದು ಸೆಕೆಂಡರಿ), ತೊಳೆಯುವ ಬಫರ್ ದ್ರಾವಣ, ಬೆಳಕು ಬರಿಸುವ ಇಸಿಎಲ್, ಫಿಲ್ಮ್. ಇವುಗಳಲ್ಲೊಂದು.

ಏಳನೆಯ ಬ್ಲಾಟಿನಲ್ಲಿ ಆಕ್ಟಿನ್ ಹಾಕಿದೆವು. ಅದೂ ಖಾಲಿ. ಹೊಸ ಆ್ಯಂಟಿಬಾಡಿಗೆ ಕೊಟ್ಟ ದುಡ್ಡು ವ್ಯರ್ಥವಾಯಿತು ಎಂದು ಗೊತ್ತಾದದ್ದು ಆ ಸಂಜೆ.

ವರ್ಗಾವಣೆ ಸರಿಯಾಗಿದೆಯೇ ಎಂದು ನೋಡಲು ಪಾನ್ಸೋ ಎಸ್ ಎಂಬ ಬಣ್ಣ ಸಾಕು. ಮೆಂಬ್ರೇನನ್ನು ಅದರಲ್ಲಿ ಐದು ನಿಮಿಷ ಅದ್ದಿ ನೀರಿನಲ್ಲಿ ತೊಳೆದರೆ ಗುಲಾಬಿ ಬಣ್ಣದ ಏಣಿ ಏಣಿ ಗೆರೆಗಳು ಏಳುತ್ತವೆ. ಎಲ್ಲ ಲೇನ್‌ಗಳಲ್ಲೂ (ಒಂದೊಂದು ಮಾದರಿ ಓಡುವ ಸಾಲುಗಳಲ್ಲೂ) ಒಂದೇ ಸಮ ಇದ್ದರೆ ಪ್ರೋಟೀನ್ ಮೆಂಬ್ರೇನಿಗೆ ಬಂದಿದೆ ಎಂದರ್ಥ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟು ಆಮೇಲೆ ಬಣ್ಣ ತೊಳೆದುಬಿಡಿ. ಗಾತ್ರ ತಿಳಿಯಲು ಜೊತೆಗೆ ಓಡಿಸುವ ಬಣ್ಣದ ಮಾರ್ಕರ್ ಜೆಲ್‌ನಲ್ಲೇ ಉಳಿದಿದ್ದರೆ ಕರೆಂಟ್ ಸಾಲಲಿಲ್ಲ. ಜೆಲ್‌ನಲ್ಲೂ ಇಲ್ಲ, ಮೆಂಬ್ರೇನ್ ಮೇಲೂ ಇಲ್ಲ ಅಂದರೆ ಜೆಲ್ ಮತ್ತು ಮೆಂಬ್ರೇನ್ ಜೋಡಿಸಿದ ಸ್ಯಾಂಡ್‌ವಿಚ್ ತಿರುವುಮುರುವಾಗಿದೆ. ಜೆಲ್ ಕಪ್ಪು ಬದಿಗೆ, ಮೆಂಬ್ರೇನ್ ಕೆಂಪು ಬದಿಗೆ ಇರಬೇಕು. ಮೆಂಬ್ರೇನ್ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ಕಿನದ್ದಾದರೆ ಮೊದಲು ಮೆಥನಾಲ್‌ನಲ್ಲಿ ನೆನೆಸಿರಬೇಕು.

ನಮ್ಮ ಪಾನ್ಸೋ ಗುಲಾಬಿ ಗುಲಾಬಿಯಾಗಿತ್ತು. ಹಾಗಾದರೆ ಉಳಿದದ್ದು ಬೆಳಕು ಕೊಡುವ ಭಾಗ. ಸೆಕೆಂಡರಿ ಆ್ಯಂಟಿಬಾಡಿಗೆ ಅಂಟಿಸಿದ ಎಚ್‌ಆರ್‌ಪಿ ಎಂಬ ಕಿಣ್ವ ಇಸಿಎಲ್ ದ್ರಾವಣ ಸಿಕ್ಕಾಗ ಮಿನುಗುತ್ತದೆ. ಆ ಮಿನುಗು ಫಿಲ್ಮಿಗೆ ಬಿದ್ದು ಗೆರೆಯಾಗುತ್ತದೆ. ಇದನ್ನು ಪರೀಕ್ಷಿಸಲು ಬ್ಲಾಟೇ ಬೇಕಾಗಿಲ್ಲ. ಮೂರು ಸಣ್ಣ ಟ್ಯೂಬ್ ಸಾಕು.

ಹೀಗೆ ಮಾಡಿ. ಒಂದು ಟ್ಯೂಬಿನಲ್ಲಿ ಈಗಷ್ಟೇ ಹೊಸದಾಗಿ ಮಾಡಿದ ಟಿಬಿಎಸ್‌ಟಿ ಎಂಬ ತೊಳೆಯುವ ಬಫರ್‌ನಲ್ಲಿ ಸೆಕೆಂಡರಿಯನ್ನು ಸಾವಿರಕ್ಕೆ ಒಂದರಂತೆ ಬೆರೆಸಿ. ಎರಡನೆಯದರಲ್ಲಿ ದಿನವೂ ಬಳಸುವ ಬಾಟಲಿಯ ಟಿಬಿಎಸ್‌ಟಿಯಲ್ಲಿ ಅಷ್ಟೇ ಬೆರೆಸಿ. ಮೂರನೆಯದರಲ್ಲಿ ಬರೀ ಟಿಬಿಎಸ್‌ಟಿ. ಪ್ರತಿಯೊಂದರಿಂದ 50 ಮೈಕ್ರೋಲೀಟರ್ ತೆಗೆದು ಅಷ್ಟೇ ಇಸಿಎಲ್ ಸೇರಿಸಿ, ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಅದಕ್ಕೇ ಕೊನೆಯಲ್ಲಿ ಇಸಿಎಲ್ ಹಾಕುವುದನ್ನು ಒಳಗೇ ಮಾಡಿದರೆ ಒಳ್ಳೆಯದು.

ನಾವಿಬ್ಬರೂ ಒಳಗೆ ನಿಂತಿದ್ದೆವು. ಮೊದಲ ಟ್ಯೂಬ್ ತಿಳಿ ನೀಲಿಯಾಗಿ ಹೊಳೆಯಿತು. ಮಿಣುಕು ಹುಳದಂಥ ಬೆಳಕು, ಆದರೆ ಮಿಣುಕದೆ ನಿಂತ ಬೆಳಕು. ಎರಡನೆಯದು ಕತ್ತಲೆ. ಮೂರನೆಯದರ ಹಾಗೆಯೇ ಕತ್ತಲೆ. ಹುಡುಗಿ ನನ್ನ ಕೈ ಹಿಡಿದುಕೊಂಡು "ಬಾಟಲಿ ಮೇಡಂ, ಬಾಟಲಿ!" ಎಂದಳು.

ಬಾಟಲಿಯ ಕಥೆ ಇದು. ಮಳೆಗಾಲದಲ್ಲಿ ಇಲ್ಲಿ ಎಲ್ಲಕ್ಕೂ ಬೂಷ್ಟು ಬರುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ. ಬಫರ್ ಬಾಟಲಿಯಲ್ಲೂ ಹತ್ತಿಯಂಥ ಎಳೆ ತೇಲುತ್ತದೆ. ಫ್ಲೋ ಸೈಟೋಮೆಟ್ರಿಗೆ (ಕೋಶಗಳನ್ನು ಒಂದೊಂದಾಗಿ ಯಂತ್ರದಲ್ಲಿ ಓದುವ ವಿಧಾನ) ಕೋಶಗಳನ್ನು ಬಣ್ಣ ಮಾಡುವ ಬಫರ್‌ಗೆ ಬೂಷ್ಟು ತಡೆಯುವ ಸೋಡಿಯಂ ಅಜೈಡ್ ಹಾಕುವುದು ರೂಢಿ, ಶೇ. 0.1ರಷ್ಟು. ಅದಕ್ಕಾಗಿ ಹತ್ತು ಪಟ್ಟು ಗಟ್ಟಿಯಾದ ಟಿಬಿಎಸ್ (ಟಿಬಿಎಸ್‌ಟಿ ಮಾಡಲು ಬಳಸುವ ಮೂಲ ದ್ರಾವಣ) ಒಂದು ಬಾಟಲಿಯಲ್ಲಿ ಶೇ. 1 ಅಜೈಡ್ ಹಾಕಿಡಲು ನಾನೇ ಹೇಳಿದ್ದೆ. ಚೀಟಿ ಅಂಟಿಸಿದ್ದರು ಕೂಡ. ಥಂಡಿಗೆ ಚೀಟಿಯ ಶಾಯಿ ಇಳಿದುಹೋಗಿ "ಟಿಬಿಎಸ್" ಎಂಬಷ್ಟೇ ಉಳಿದಿತ್ತು. ಅದು ಬ್ಲಾಟ್ ತೊಳೆಯುವ ಕಪಾಟಿಗೆ ಬಂತು. ಬೂಷ್ಟಿಲ್ಲದ ಬಾಟಲಿ ಅದೊಂದೇ ಆದ್ದರಿಂದ ಎಲ್ಲರೂ ಅದನ್ನೇ ಇಷ್ಟಪಟ್ಟು ಬಳಸಿದರು.

ಅಜೈಡ್ ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ. ಪ್ರೈಮರಿ ಆ್ಯಂಟಿಬಾಡಿಯ ಟ್ಯೂಬಿನಲ್ಲಿ ಇರುವ ಅಜೈಡ್‌ನಿಂದ ತೊಂದರೆ ಇಲ್ಲ. ಅದು ತೊಳೆಯುವಾಗ ಹೋಗಿಬಿಡುತ್ತದೆ. ಸೆಕೆಂಡರಿ ಬೆರೆಸುವ ಬಫರ್‌ನಲ್ಲಿ, ಅದರ ನಂತರ ತೊಳೆಯುವ ಬಫರ್‌ನಲ್ಲಿ ಇರಲೇಬಾರದು. ಅದು ಮನುಷ್ಯರಿಗೂ ವಿಷ. ಆ ಬಾಟಲಿಯನ್ನು ಸಿಂಕಿಗೆ ಚೆಲ್ಲಬೇಡಿ. ಆಮ್ಲ ತಾಗಿದರೆ ವಿಷಾನಿಲ ಬರುತ್ತದೆ, ಸೀಸ ಅಥವಾ ತಾಮ್ರದ ಪೈಪಿನಲ್ಲಿ ಕೂತರೆ ಸ್ಫೋಟಕ ಲವಣ ಆಗುತ್ತದೆ. ರಾಸಾಯನಿಕ ತ್ಯಾಜ್ಯದ ಡಬ್ಬಿಗೇ ಹಾಕಿ.

ಹೊಸ ಟಿಬಿಎಸ್‌ಟಿ ಮಾಡಿದೆವು. ಹಳೆಯ ಆ್ಯಂಟಿಬಾಡಿಯನ್ನೇ ಹಾಕಿದೆವು. ಅರ್ಧ ನಿಮಿಷದ ಫಿಲ್ಮಿನಲ್ಲೇ 26ರಲ್ಲಿ ಬ್ಯಾಂಡ್ ಬಂತು.

ಈಗ ನಮ್ಮಲ್ಲಿ ಅಜೈಡ್ ಇರುವ ಬಾಟಲಿಯ ಕುತ್ತಿಗೆಗೆ ಕೆಂಪು ಟೇಪ್ ಸುತ್ತುತ್ತೇವೆ, ಪೆನ್ಸಿಲಿನಲ್ಲಿ ಬರೆಯುತ್ತೇವೆ. ಪೆನ್ಸಿಲ್ ಮಳೆಗೆ ಇಳಿಯುವುದಿಲ್ಲ. ಬ್ಲಾಟಿನ ಬಫರನ್ನು ಸ್ವಲ್ಪ ಸ್ವಲ್ಪವೇ ಮಾಡಿ ವಾರದೊಳಗೆ ಮುಗಿಸುತ್ತೇವೆ.

ಖಾಲಿ ಬ್ಲಾಟಿಗೆ ಇನ್ನೊಂದು ಕಾರಣವಿದೆ, ಅದು ಇದಕ್ಕೆ ತದ್ವಿರುದ್ಧ. ಆ್ಯಂಟಿಬಾಡಿ ಜಾಸ್ತಿ ಆದರೂ ಖಾಲಿ ಬರುತ್ತದೆ. ಸೆಕೆಂಡರಿ ತೀರಾ ಹೆಚ್ಚಾದರೆ ಎಚ್‌ಆರ್‌ಪಿ ಒಂದೇ ಉಸಿರಿಗೆ ಇಸಿಎಲ್ಲನ್ನೆಲ್ಲ ತಿಂದುಬಿಡುತ್ತದೆ. ಫಿಲ್ಮ್ ಇಡುವ ಹೊತ್ತಿಗೆ ಬೆಳಕು ಮುಗಿದಿರುತ್ತದೆ. ಗುರುತು ಹೇಗೆ? ಮೆಂಬ್ರೇನ್ ಮೇಲೇ ಕಂದು ಗೆರೆ ಕಾಣುತ್ತದೆ, ಅಥವಾ ಫಿಲ್ಮಿನಲ್ಲಿ ಬ್ಯಾಂಡಿನ ನಡುವೆ ಟೊಳ್ಳಾಗಿ ಬೆಳ್ಳಗಿರುತ್ತದೆ. ಹಾಗಿದ್ದರೆ ಸೆಕೆಂಡರಿಯನ್ನು ಹತ್ತು ಪಟ್ಟು ತೆಳು ಮಾಡಿ ನೋಡಿ. ಬ್ಯಾಂಡ್ ಬಾರದೆ ಇದ್ದಾಗ ಎಲ್ಲರೂ ಆ್ಯಂಟಿಬಾಡಿಯನ್ನು ಹೆಚ್ಚಿಸುತ್ತಲೇ ಹೋಗುತ್ತಾರೆ. ಅಲ್ಲಿಗೆ ಇದೂ ಸೇರಿಕೊಂಡು ಗಂಟು ಇನ್ನೂ ಬಿಗಿಯಾಗುತ್ತದೆ.

ಆಕ್ಟಿನ್ ಇದೆ, ಬಿಸಿಎಲ್-2 ಮಾತ್ರ ಇಲ್ಲ

ಇಲ್ಲಿ ಮೊದಲು ಕೇಳಬೇಕಾದ್ದು: ಆ ಕೋಶದಲ್ಲಿ ಬಿಸಿಎಲ್-2 ಇದೆಯಾ? ಲ್ಯಾಬಿನಲ್ಲಿ ಬೆಳೆಸುವ ಹೀಲಾ ಎಂಬ ಕ್ಯಾನ್ಸರ್ ಕೋಶದಲ್ಲಿ ತುಂಬ ಕಡಿಮೆ. ಜುರ್ಕಾಟ್ ಎಂಬ ಟಿ-ಕೋಶದ ಸಾಲಿನಲ್ಲಿ ಚೆನ್ನಾಗಿದೆ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶದಲ್ಲೂ ಇದೆ. ಆದ್ದರಿಂದ ಪ್ರತಿ ಜೆಲ್‌ನಲ್ಲೂ ಒಂದು ಲೇನನ್ನು ಜುರ್ಕಾಟ್‌ಗೆ ಮೀಸಲಿಡಿ. ಒಂದೇ ದಿನ ಒಂದಷ್ಟು ಮಾಡಿ, ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಜುರ್ಕಾಟ್ ಲೇನಿನಲ್ಲಿ ಬ್ಯಾಂಡ್ ಬಂದು ನಿಮ್ಮ ಮಾದರಿಯಲ್ಲಿ ಬಾರದಿದ್ದರೆ ಆ್ಯಂಟಿಬಾಡಿ ಹಾಳಾಗಿದೆ ಎಂಬ ಕೇಸು ಅಲ್ಲಿಗೆ ವಜಾ.

ಆಮೇಲೆ ಪ್ರಾಣಿ ಯಾವುದು ನೋಡಿ. ಮನುಷ್ಯರ ಬಿಸಿಎಲ್-2ಗಾಗಿ ಮಾಡಿದ ಹಳೆಯ, ಹೆಸರುವಾಸಿ ಕ್ಲೋನ್‌ಗಳು (ಒಂದೇ ಕೋಶದ ಸಂತತಿಯಿಂದ ಬಂದ ಆ್ಯಂಟಿಬಾಡಿಗಳು) ಪ್ರೋಟೀನಿನ 41ರಿಂದ 54ನೇ ಅಮೈನೋ ಆಮ್ಲಗಳ ತುಣುಕನ್ನು ಗುರುತಿಸುತ್ತವೆ. ಕ್ಲೋನ್ 124 ಅಂಥದ್ದು. ಇಲಿಯಲ್ಲಿ ಆ ತುಣುಕು ಬೇರೆ ಥರ ಇರುವುದರಿಂದ ಅದು ಇಲಿಯ ಬಿಸಿಎಲ್-2 ಹಿಡಿಯುವುದಿಲ್ಲ. ಮನುಷ್ಯರಲ್ಲೂ ಒಂದು ಕಡೆ ಅದು ಕೈಕೊಡುತ್ತದೆ. ಕೆಲವು ಫಾಲಿಕ್ಯುಲರ್ ಲಿಂಫೋಮಾಗಳಲ್ಲಿ ಅದೇ ಜಾಗದಲ್ಲಿ ಜೀನ್ ಬದಲಾಗಿರುತ್ತದೆ. ಪ್ರೋಟೀನ್ ರಾಶಿ ಇದ್ದರೂ 124 ಹಾಕಿದರೆ ಇಲ್ಲ ಎಂದೇ ತೋರುತ್ತದೆ. ಅಂಥ ಕಡೆ ಬೇರೆ ಜಾಗ ಹಿಡಿಯುವ ಇ17, ಎಸ್‌ಪಿ66ರಂಥ ಕ್ಲೋನ್‌ಗಳು ಸತ್ಯ ಹೇಳುತ್ತವೆ. ರೋಗಿಯ ಮಾದರಿ ನೋಡುವವರು ಇದನ್ನು ಮರೆಯಲೇಬಾರದು. ಅಲ್ಲಿ ತಪ್ಪು ಉತ್ತರ ಬಂದರೆ ಅದು ಒಬ್ಬರ ಚಿಕಿತ್ಸೆಯ ಪ್ರಶ್ನೆ.

ಇನ್ನು ಪೊರೆಯ ವಿಷಯ. ಕೋಶಗಳನ್ನು ಮೆದುವಾದ ಬಫರ್‌ನಲ್ಲಿ ಒಡೆದು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಇಟ್ಟುಕೊಂಡು ಅಡಿಯ ಗಷ್ಟನ್ನು ಎಸೆದಿರಾ? ಹಾಗಾದರೆ ಬಿಸಿಎಲ್-2 ಕಸದ ಡಬ್ಬಿಗೆ ಹೋಯಿತು. ಪೊರೆ ಕರಗಿಸುವ ಎಸ್‌ಡಿಎಸ್ (ಸಾಬೂನಿನಂಥ ವಸ್ತು) ಶೇ. 0.1 ಇರುವ ರಿಪಾ ಬಫರ್ ಬಳಸಿ, ಐಸಿನ ಮೇಲಿಟ್ಟು ಸಾನಿಕೇಟ್ ಮಾಡಿ, ಅಂದರೆ ಶಬ್ದದ ಅಲೆಯಿಂದ ಒಡೆಯಿರಿ. ಅನುಮಾನವಿದ್ದರೆ ಗಷ್ಟನ್ನೂ ಸ್ಯಾಂಪಲ್ ಬಫರ್‌ನಲ್ಲಿ ಕುದಿಸಿ ಪಕ್ಕದ ಲೇನಿನಲ್ಲಿ ಓಡಿಸಿ. ಗಷ್ಟಿನ ಲೇನಿನಲ್ಲಿ ಬ್ಯಾಂಡ್ ಕಂಡರೆ ಉತ್ತರ ಸಿಕ್ಕಿತು.

ಕೊನೆಗೆ, ಸಣ್ಣದಾಗಿರುವುದರಿಂದ ಆಗುವ ತೊಂದರೆ. ಆಕ್ಟಿನ್ ಮೆಂಬ್ರೇನಿನಲ್ಲಿ ನಿಲ್ಲುವ ಹೊತ್ತಿಗೆ 26ರ ಬಿಸಿಎಲ್-2 ತೂತಿನಿಂದ ಆಚೆ ದಾಟಿ ಹೋಗಿರಬಹುದು. 0.45 ಮೈಕ್ರಾನ್ ಬದಲು 0.2 ಮೈಕ್ರಾನ್ ಮೆಂಬ್ರೇನ್ ತೆಗೆದುಕೊಳ್ಳಿ. ಬಫರ್‌ನಲ್ಲಿ ಶೇ. 20 ಮೆಥನಾಲ್ ಇರಲಿ. ನಿಜವಾಗಿಯೂ ದಾಟುತ್ತಿದೆಯೇ ಎಂದು ನೋಡಬೇಕಾದರೆ ಒಂದರ ಹಿಂದೆ ಒಂದು ಎರಡು ಮೆಂಬ್ರೇನ್ ಇಟ್ಟು ವರ್ಗಾಯಿಸಿ, ಎರಡಕ್ಕೂ ಆ್ಯಂಟಿಬಾಡಿ ಹಾಕಿ. ಹಿಂದಿನದರಲ್ಲಿ ಬ್ಯಾಂಡ್ ಬಂದರೆ ಸಮಯ ಕಡಿಮೆ ಮಾಡಬೇಕು. ಜೆಲ್ 12 ಅಥವಾ 15 ಪರ್ಸೆಂಟಿನದ್ದೇ ಆಗಲಿ. 8 ಪರ್ಸೆಂಟ್ ಜೆಲ್‌ನಲ್ಲಿ ಬಿಸಿಎಲ್-2 ನೀಲಿ ಬಣ್ಣದ ಜೊತೆಗೇ ಓಡಿಹೋಗುತ್ತದೆ.

ದೋಷ ಎರಡು: ಬ್ಯಾಂಡ್ ಇದೆ, ಆದರೆ ಅದು ಬಿಸಿಎಲ್-2 ಅಲ್ಲ

ಖಾಲಿ ಬ್ಲಾಟಿಗಿಂತ ನನಗೆ ಇದರ ಭಯ ಜಾಸ್ತಿ. ಖಾಲಿ ಬಂದರೆ ಹುಡುಕುತ್ತೀರಿ. ಬ್ಯಾಂಡ್ ಬಂದರೆ ನಂಬಿಬಿಡುತ್ತೀರಿ.

ಒಬ್ಬರು ಇಲಿಯ ಗುಲ್ಮದ ಮಾದರಿಯ ಬ್ಲಾಟ್ ತಂದು ತೋರಿಸಿದರು. 25ರ ಹತ್ತಿರ ಕಪ್ಪಗೆ, ದಪ್ಪಗೆ ಬ್ಯಾಂಡ್. ಎಲ್ಲ ಲೇನ್‌ಗಳಲ್ಲೂ ಒಂದೇ ಸಮ. ಔಷಧ ಕೊಟ್ಟರೂ ಕಡಿಮೆಯಾಗಿಲ್ಲ ಎಂಬುದು ಅವರ ಚಿಂತೆ. ಯಾವ ಆ್ಯಂಟಿಬಾಡಿ ಎಂದು ಕೇಳಿದೆ. ಮನುಷ್ಯರ ಬಿಸಿಎಲ್-2ಗೆ ಇಲಿಯಲ್ಲಿ ತಯಾರಿಸಿದ್ದು. ನನಗೆ ಅಲ್ಲಿಗೇ ಗೊತ್ತಾಯಿತು. ಅದು ಇಲಿಯ ಬಿಸಿಎಲ್-2 ಹಿಡಿಯುವುದಿಲ್ಲ ಅಲ್ವಾ? ಮತ್ತೆ ಈ ಬ್ಯಾಂಡ್ ಯಾರದು?

ಗುಲ್ಮದಲ್ಲಿ ರಕ್ತ ತುಂಬಿರುತ್ತದೆ, ಬಿ-ಕೋಶಗಳು ತುಂಬಿರುತ್ತವೆ. ಅಂದರೆ ಇಲಿಯ ಸ್ವಂತ ಆ್ಯಂಟಿಬಾಡಿಗಳು ರಾಶಿ ಇವೆ. ಜೆಲ್‌ನಲ್ಲಿ ಓಡಿಸುವ ಮೊದಲು ಬೀಟಾ-ಮರ್ಕ್ಯಾಪ್ಟೋ ಎಥನಾಲ್ ಹಾಕಿ ಕುದಿಸಿದಾಗ ಪ್ರತಿ ಆ್ಯಂಟಿಬಾಡಿ ಎರಡು ಬಗೆಯ ತುಂಡುಗಳಾಗುತ್ತದೆ: ಭಾರದ ಸರಪಳಿ 50ರ ಹತ್ತಿರ, ಹಗುರ ಸರಪಳಿ 25ರ ಹತ್ತಿರ. ನೀವು ಹಾಕುವ ಸೆಕೆಂಡರಿ ಇಲಿಯ ಆ್ಯಂಟಿಬಾಡಿಯನ್ನು ಹಿಡಿಯಲೆಂದೇ ಮಾಡಿದ್ದು. ಅದಕ್ಕೆ ಟ್ಯೂಬಿನಿಂದ ಬಂದ ಆ್ಯಂಟಿಬಾಡಿ ಯಾವುದು, ಗುಲ್ಮದಿಂದ ಬಂದದ್ದು ಯಾವುದು ಎಂಬ ಭೇದವಿಲ್ಲ. 25ಕ್ಕೂ 26ಕ್ಕೂ ಕಣ್ಣಿಗೆ ಏನು ವ್ಯತ್ಯಾಸ ಕಂಡೀತು?

"50ರ ಹತ್ತಿರ ಇನ್ನೊಂದು ಬ್ಯಾಂಡ್ ಇತ್ತಾ ಸರ್?" ಎಂದು ಕೇಳಿದೆ. ಇತ್ತಂತೆ. ಬೇಡದ್ದು ಎಂದು ಚಿತ್ರದಲ್ಲಿ ಕತ್ತರಿಸಿ ತೆಗೆದಿದ್ದರಂತೆ.

ಪರೀಕ್ಷೆ ತುಂಬ ಸುಲಭ. ಮೆಂಬ್ರೇನಿನ ಒಂದು ಪಟ್ಟಿ ಕತ್ತರಿಸಿ, ಪ್ರೈಮರಿ ಹಾಕದೆ ಬರೀ ಸೆಕೆಂಡರಿ ಹಾಕಿ. ಆಗಲೂ 25ರಲ್ಲಿ ಬ್ಯಾಂಡ್ ಬಂದರೆ ಅದು ಹಗುರ ಸರಪಳಿ. ಅವರು ಮಾಡಿದರು, ಬಂತು. ಪರಿಹಾರ: ಇಲಿಯ ಬಿಸಿಎಲ್-2 ಹಿಡಿಯುತ್ತದೆ ಎಂದು ಖಚಿತವಾಗಿರುವ, ಮೊಲದಲ್ಲಿ ತಯಾರಿಸಿದ ಆ್ಯಂಟಿಬಾಡಿ. ಅದಕ್ಕೆ ತಕ್ಕಂತೆ ಮೊಲದ ಆ್ಯಂಟಿಬಾಡಿಯನ್ನು ಹಿಡಿಯುವ ಸೆಕೆಂಡರಿ. ಇಮ್ಯುನೋಪ್ರೆಸಿಪಿಟೇಶನ್ (ಆ್ಯಂಟಿಬಾಡಿ ಅಂಟಿಸಿದ ಮಣಿಗಳಿಂದ ಪ್ರೋಟೀನನ್ನು ಹಿಡಿದು ತೆಗೆಯುವುದು) ಮಾಡುವವರಿಗೂ ಇದೇ ಗೋಳು ಬರುತ್ತದೆ. ಅಲ್ಲಿ ಮಣಿಗೆ ಅಂಟಿಸಿದ ಆ್ಯಂಟಿಬಾಡಿಯ ಹಗುರ ಸರಪಳಿಯೇ 25ಕ್ಕೆ ಬಂದು ಬಿಸಿಎಲ್-2 ಮೇಲೆ ಕೂರುತ್ತದೆ. ಹಿಡಿಯಲು ಒಂದು ಪ್ರಾಣಿಯದ್ದು, ಬ್ಲಾಟಿಗೆ ಇನ್ನೊಂದು ಪ್ರಾಣಿಯದ್ದು ಬಳಸಿದರೆ ಪಾರಾಗಬಹುದು.

ಬಿಸಿಎಲ್-2 ಬ್ಯಾಂಡಿನ ಜಾಗ ನಿಜವಾಗಿಯೂ ಬದಲಾಗುವ ಸಂದರ್ಭಗಳೂ ಇವೆ. ಇವು ದೋಷವಲ್ಲ. ಕೋಶ ಸಾಯುತ್ತಿರುವಾಗ ಕ್ಯಾಸ್ಪೇಸ್-3 ಎಂಬ ಕಿಣ್ವ ಈ ಪ್ರೋಟೀನನ್ನು 34ನೇ ಅಮೈನೋ ಆಮ್ಲದ ಬಳಿ ಕತ್ತರಿಸುತ್ತದೆ, ಆಗ 23ರ ಹತ್ತಿರ ಸಣ್ಣ ತುಂಡು ಕಾಣುತ್ತದೆ. ಸಾವಿಗೆ ಅಡ್ಡ ನಿಂತವನ ತಲೆಯನ್ನೇ ಕತ್ತರಿಸಿ, ಉಳಿದ ಮೈಯನ್ನು ಸಾವಿನ ಪರವಾಗಿ ದುಡಿಸಿಕೊಳ್ಳುತ್ತದೆ. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಇನ್ನು ಕೋಶ ವಿಭಜನೆಯನ್ನು ತಡೆಯುವ ಪ್ಯಾಕ್ಲಿಟ್ಯಾಕ್ಸೆಲ್, ನೊಕೊಡಾಜೋಲ್ ಕೊಟ್ಟ ಕೋಶಗಳಲ್ಲಿ 70ನೇ ಸೆರಿನ್ ಮತ್ತು ಅಕ್ಕಪಕ್ಕದಲ್ಲಿ ಫಾಸ್ಫೇಟ್ ಸೇರಿ ಬ್ಯಾಂಡ್ ಸ್ವಲ್ಪ ಮೇಲೇರುತ್ತದೆ, ಎರಡಾಗಿ ಕಾಣುತ್ತದೆ. ಮಾದರಿಗೆ ಫಾಸ್ಫೇಟ್ ಕಿತ್ತುಹಾಕುವ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿದಾಗ ಎರಡೂ ಒಂದಾದರೆ ಫಾಸ್ಫೇಟೇ ಕಾರಣ.

ದೋಷ ಮೂರು: ಔಷಧ ಕೊಟ್ಟ ಲೇನಿನಲ್ಲಿ ಬಿಸಿಎಲ್-2 ಕಡಿಮೆಯಾಯಿತು, ನಿಜವಾ?

ನಮ್ಮ ಹುಡುಗಿಯ ವಿಷಯ ಮದ್ದು ಸೊಪ್ಪು. ಕೊಡಗಿನವರಿಗೆ ಹೇಳಬೇಕಾಗಿಲ್ಲ. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಈ ಸೊಪ್ಪನ್ನು ಕುದಿಸಿ ಆ ಕಡುನೇರಳೆ ನೀರಿನಲ್ಲಿ ಪಾಯಸ ಮಾಡುತ್ತೇವೆ. ಆ ದಿನ ಅದರಲ್ಲಿ ಹದಿನೆಂಟು ಮದ್ದು ಸೇರಿರುತ್ತವೆ ಎಂಬ ನಂಬಿಕೆ. ಅದರ ಸಾರವನ್ನು ಕ್ಯಾನ್ಸರ್ ಕೋಶಗಳಿಗೆ ಕೊಟ್ಟರೆ ಏನಾಗುತ್ತದೆ ಎಂದು ನೋಡುವುದು ಅವಳ ಕೆಲಸ.

ಬಫರ್ ಸರಿಯಾದ ಮೇಲೆ ಬಂದ ಮೊದಲ ಬ್ಲಾಟಿನಲ್ಲಿ, ಸಾರ ಹೆಚ್ಚಿದಂತೆ ಬಿಸಿಎಲ್-2 ಇಳಿಯುತ್ತಾ ಹೋಗಿತ್ತು. ಅಂದವಾದ ಚಿತ್ರ. ಎಲ್ಲರಿಗೂ ಖುಷಿ. ಆದರೆ ಆಕ್ಟಿನ್ ಕೂಡ ಅಷ್ಟೇ ಇಳಿದಿತ್ತು. ಪಾನ್ಸೋ ಫೋಟೋ ತೆಗೆದು ನೋಡಿದರೆ ಆ ಲೇನ್‌ಗಳ ಗುಲಾಬಿಯೂ ಮಂಕು. ಎಲ್ಲ ಲೇನಿಗೂ 30 ಮೈಕ್ರೋಗ್ರಾಂ ಎಂದು ಅಳೆದೇ ಹಾಕಿದ್ದಳು.

ತಪ್ಪು ಅಳತೆಯಲ್ಲಿತ್ತು. ಪ್ರೋಟೀನ್ ಅಳೆಯುವ ಬಿಸಿಎ ವಿಧಾನದಲ್ಲಿ ಪ್ರೋಟೀನ್ ತಾಮ್ರದ ಅಯಾನನ್ನು ಬದಲಾಯಿಸುತ್ತದೆ, ಆಗ ನೇರಳೆ ಬಣ್ಣ ಬರುತ್ತದೆ. ಅದನ್ನು 562 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಸೊಪ್ಪಿನ ಸಾರ ಮೊದಲೇ ನೇರಳೆ. ಕೋಶಗಳನ್ನು ತೊಳೆದರೂ ತಳಕ್ಕೆ ಕೂತ ಕೋಶಗಳ ಗಡ್ಡೆಯಲ್ಲಿ ಬಣ್ಣ ಉಳಿದಿರುತ್ತದೆ. ಸಾಲದ್ದಕ್ಕೆ ಸಸ್ಯದ ಪಾಲಿಫೀನಾಲ್‌ಗಳು ತಾವೇ ತಾಮ್ರವನ್ನು ಬದಲಾಯಿಸುತ್ತವೆ. ಯಂತ್ರ ಪ್ರೋಟೀನ್ ಜಾಸ್ತಿ ಇದೆ ಎಂದು ಹೇಳಿತು, ಅವಳು ಮಾದರಿ ಕಡಿಮೆ ಹಾಕಿದಳು, ಬ್ಯಾಂಡ್ ತೆಳುವಾಯಿತು. ಮದ್ದು ಸೊಪ್ಪು ಕೋಶಕ್ಕೆ ಏನು ಮಾಡಿತೋ ಆ ಬ್ಲಾಟ್ ಹೇಳಲೇ ಇಲ್ಲ.

ಬಣ್ಣದ ಸಾರ, ಕಾಫಿ, ಅರಿಶಿನ, ಕಾಡುಹಣ್ಣು ಯಾವುದರ ಮೇಲೆ ಕೆಲಸ ಮಾಡುವವರೂ ಇದನ್ನು ಗಮನಿಸಿ. ಕೋಶಗಳನ್ನು ಎಣಿಸಿ ಎಲ್ಲ ಲೇನಿಗೂ ಅಷ್ಟಷ್ಟೇ ಹಾಕಬಹುದು. ಅಥವಾ ತಣ್ಣಗಿನ ಅಸಿಟೋನ್‌ನಲ್ಲಿ ಪ್ರೋಟೀನನ್ನು ಗಟ್ಟಿಯಾಗಿಸಿ ತಳಕ್ಕೆ ಕೂರಿಸಿ, ಬಣ್ಣ ಚೆಲ್ಲಿ, ಮತ್ತೆ ಕರಗಿಸಿ ಅಳೆಯಬಹುದು. ನಾವು ಎರಡನೆಯದನ್ನು ಮಾಡಿದೆವು. ಆಕ್ಟಿನ್ ಸಮನಾಯಿತು. ಬಿಸಿಎಲ್-2 ಇಳಿಕೆ ಬಹುಪಾಲು ಮಾಯವಾಯಿತು. ಹುಡುಗಿಗೆ ಎರಡು ದಿನ ಮಾತೇ ಹೊರಡಲಿಲ್ಲ. ಆದರೆ ಆ ಚಿತ್ರ ಪ್ರಕಟವಾಗಿದ್ದರೆ ಏನಾಗುತ್ತಿತ್ತು? ಕ್ಯಾನ್ಸರ್ ಬಂದ ಯಾರದೋ ಮನೆಯವರು ಅದನ್ನು ಓದಿ ಆಸ್ಪತ್ರೆ ಬಿಟ್ಟು ಸೊಪ್ಪಿನ ಕಷಾಯ ಕುಡಿಸುತ್ತಿದ್ದರೋ ಏನೋ.

ಇನ್ನೊಂದು ತಪ್ಪು ನಿರೀಕ್ಷೆ ಬಗ್ಗೆ ಎರಡು ಮಾತು. ವೆನೆಟೊಕ್ಲಾಕ್ಸ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬಿಸಿಎಲ್-2ರ ಮೇಲಿರುವ ಸಂದಿಯಲ್ಲಿ ಕೂತು ಅದರ ಕೈ ಕಟ್ಟುತ್ತದೆ, ಪ್ರೋಟೀನನ್ನು ಕರಗಿಸುವುದಿಲ್ಲ. ಬ್ಯಾಂಡ್ ಕಡಿಮೆಯಾಗಲಿಲ್ಲ ಎಂದು ಔಷಧವನ್ನೋ ಆ್ಯಂಟಿಬಾಡಿಯನ್ನೋ ದೂರಬೇಡಿ. ಬಿಸಿಎಲ್-2 ಕೋಶದಲ್ಲಿ ಬಹಳ ಹೊತ್ತು ಬಾಳುವ ಪ್ರೋಟೀನ್ ಕೂಡ. ಅದರ ಸಂಬಂಧಿ ಎಂಸಿಎಲ್-1 ತಾಸುಗಳಲ್ಲಿ ಕರಗುತ್ತದೆ, ಇದು ಹಾಗಲ್ಲ. ನಾಲ್ಕು ತಾಸಿಗೇ ಬ್ಯಾಂಡ್ ಮಾಯವಾದರೆ ಸಂತೋಷಪಡುವ ಮೊದಲು ಅನುಮಾನಪಡಿ.

ನಮ್ಮ ಮಳೆ, ನಮ್ಮ ಥಂಡಿ

ವಿಧಾನದ ಹಾಳೆಗಳಲ್ಲಿ "ಕೋಣೆಯ ಉಷ್ಣತೆಯಲ್ಲಿ ಒಂದು ತಾಸು" ಎಂದು ಇರುತ್ತದೆ. ಯಾರ ಕೋಣೆ? ಬರೆದವರ ಮನಸ್ಸಿನಲ್ಲಿ ಇರುವುದು 25 ಡಿಗ್ರಿ. ಜುಲೈನಲ್ಲಿ ಮಡಿಕೇರಿಯ ಕೋಣೆ 18ರಿಂದ 20. ಹಾಗಾಗಿ ಇಲ್ಲಿ ಕೆಲವು ವಿಷಯ ಬೇರೆಯೇ.

ಎಸ್‌ಡಿಎಸ್ ಸ್ಟಾಕ್ ಬಾಟಲಿಯ ತಳದಲ್ಲಿ ಬಿಳಿ ಹರಳು ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ತೆಗೆದರೆ ಜೆಲ್‌ಗೂ ಸ್ಯಾಂಪಲ್ ಬಫರ್‌ಗೂ ಎಸ್‌ಡಿಎಸ್ ಸಾಲುವುದಿಲ್ಲ, ಬ್ಯಾಂಡ್‌ಗಳು ಓರೆಯಾಗಿ ಎಳೆದುಕೊಳ್ಳುತ್ತವೆ. 37 ಡಿಗ್ರಿ ನೀರಿನಲ್ಲಿ ಬಾಟಲಿಯನ್ನು ಇಟ್ಟು, ಪೂರ್ತಿ ತಿಳಿಯಾದ ಮೇಲೆ ಅಲುಗಾಡಿಸಿ ಬಳಸಿ. ಜೆಲ್ ಗಟ್ಟಿಯಾಗಲು ತಡವಾದರೆ ಥಂಡಿ ಒಂದು ಕಾರಣ, ಜೆಲ್ ಗಟ್ಟಿಯಾಗಿಸಲು ಹಾಕುವ ಎಪಿಎಸ್ ಇನ್ನೊಂದು. ಎಪಿಎಸ್ ಪುಡಿ ತೇವಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಒಳ್ಳೆಯ ಪುಡಿಯನ್ನು ನೀರಿಗೆ ಹಾಕಿದರೆ ಚಿಟಚಿಟ ಸದ್ದು ಬರುತ್ತದೆ. ಸದ್ದಿಲ್ಲದೆ ಕರಗಿದರೆ ಹೊಸ ಡಬ್ಬಿ ತೆಗೆಯಿರಿ. ಸೆಕೆಂಡರಿಗೆ ನಾವು ಮಳೆಗಾಲದಲ್ಲಿ ಒಂದೂವರೆ ತಾಸು ಕೊಡುತ್ತೇವೆ, ಪ್ರೈಮರಿಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲೇ ಇಡುತ್ತೇವೆ. ಫ್ರಿಜ್ಜಿನ 4 ಡಿಗ್ರಿ ಎಲ್ಲ ಊರಲ್ಲೂ ಒಂದೇ.

ಹಿನ್ನೆಲೆ ಕಪ್ಪಾದರೆ ಸಾಮಾನ್ಯ ಉಪಾಯಗಳೇ ಸಾಕು: ಮೆಂಬ್ರೇನಿನ ಖಾಲಿ ಜಾಗ ಮುಚ್ಚಲು ಹಾಕುವ ಹಾಲಿನ ಪುಡಿ ಹೊಸದಿರಲಿ, ಜಾಸ್ತಿ ತೊಳೆಯಿರಿ, ಮೆಂಬ್ರೇನ್ ಒಣಗಲು ಬಿಡಬೇಡಿ. ಫಾಸ್ಫೋ ಬಿಸಿಎಲ್-2 (ಫಾಸ್ಫೇಟ್ ಸೇರಿದ್ದು) ನೋಡುವವರು ಹಾಲಿನ ಬದಲು ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಬಳಸಿ, ಹಾಲಿನ ಕೇಸೀನಿನಲ್ಲಿ ಫಾಸ್ಫೇಟ್ ಇದೆ.

ಕರೆಂಟ್ ಮಾತ್ರ ನಮ್ಮ ಕೈಯಲ್ಲಿಲ್ಲ. ಮರ ಬಿದ್ದರೆ ಎರಡು ದಿನ ಕತ್ತಲೆ. ವರ್ಗಾವಣೆಯ ನಡುವೆ ಕರೆಂಟ್ ಹೋದರೆ ಸ್ಯಾಂಡ್‌ವಿಚ್ಚನ್ನು ಸುಮ್ನೆ ಬಿಟ್ಟು ಕಾಯಬೇಡಿ, ಪ್ರೋಟೀನ್ ಹರಡಿ ಬ್ಯಾಂಡ್ ಮಸುಕಾಗುತ್ತದೆ. ಪವರ್ ಪ್ಯಾಕನ್ನು ಯುಪಿಎಸ್‌ಗೆ ಹಾಕಿಯೇ ಶುರು ಮಾಡಿ. ಆ್ಯಂಟಿಬಾಡಿ ಬಂದ ದಿನವೇ ಹಾಳೆ ಓದಿ. ಶೇ. 50 ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲಿ ಅದು ಹೆಪ್ಪುಗಟ್ಟುವುದಿಲ್ಲ, ಪಾಲು ಮಾಡದೆ ಹಾಗೇ ಇಡಬಹುದು. ಗ್ಲಿಸರಾಲ್ ಇಲ್ಲದ್ದನ್ನು ಸಣ್ಣ ಸಣ್ಣ ಪಾಲು ಮಾಡಿ. ಹೆಪ್ಪುಗಟ್ಟುವುದು ಕರಗುವುದು ಮತ್ತೆ ಮತ್ತೆ ಆದರೆ ಅದು ಸತ್ತಂತೆ. ಮಂಜು ತಾನಾಗಿ ಕರಗಿಸಿಕೊಳ್ಳುವ ಫ್ರೀಜರ್ ಬೇಡವೇ ಬೇಡ.

ಫ್ರೀಜರಿನಲ್ಲಿ ಒಂದು ಸಣ್ಣ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ರಜೆ ಮುಗಿಸಿ ಬಂದಾಗ ಮೊದಲು ಅದನ್ನು ನೋಡಿ. ನಾಣ್ಯ ಮೇಲೇ ಇದ್ದರೆ ಫ್ರೀಜರ್ ಕೈಬಿಟ್ಟಿಲ್ಲ. ನಾಣ್ಯ ಲೋಟದ ತಳ ಸೇರಿ ಅದರ ಮೇಲೆ ನೀರು ಮತ್ತೆ ಗಡ್ಡೆಯಾಗಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪಾಗಿದೆ. ಆಗ ಗ್ಲಿಸರಾಲ್ ಇಲ್ಲದ ಟ್ಯೂಬ್‌ಗಳನ್ನು ಬೇರೆ ಇಟ್ಟು, ಒಂದೊಂದನ್ನೂ ಜುರ್ಕಾಟ್ ಲೇನಿನ ಮೇಲೆ ಹಾಕಿ ನೋಡಿ. ನಮ್ಮ ಹಳೆಯ ಬಿಸಿಎಲ್-2 ಟ್ಯೂಬ್ ಗ್ಲಿಸರಾಲ್ ಇರುವಂಥದ್ದು. ಅದು ಈ ಮಳೆಗಾಲವನ್ನೂ ದಾಟಿದೆ.